ಮಾಹಿತಿಯನ್ನು ನಂಬುವುದು ಯಾವಾಗ, ಎಷ್ಟರ ಮಟ್ಟಿಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸುದ್ದಿ, ಆರೋಗ್ಯ ಸಲಹೆ, ಸಂಶೋಧನೆಯ ಫಲಿತಾಂಶ, ಹಳೆಯ ದಾಖಲೆ, ಫೋಟೊ ಇವುಗಳಲ್ಲಿ ಯಾವುದನ್ನು ಒಪ್ಪಬೇಕು, ಯಾವುದನ್ನು ಬದಿಗಿಡಬೇಕು ಎಂಬ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಪ್ರಶ್ನೆಗಳು ಬೇರೆ ಬೇರೆಯಾದರೂ ಉತ್ತರಗಳು ಬಹುಮಟ್ಟಿಗೆ ಒಂದೇ ವಿಚಾರಣೆಯ ಸುತ್ತ ತಿರುಗುತ್ತವೆ: ಇದನ್ನು ಹೇಳುತ್ತಿರುವವರಿಗೆ ಇದು ಹೇಗೆ ಗೊತ್ತಾಯಿತು?

ಒಂದು ಮಾಹಿತಿ ಎದುರಾದಾಗ ಮೊದಲು ಏನನ್ನು ಗಮನಿಸಬೇಕು?

ನಿಜವೋ ಸುಳ್ಳೋ ಎಂದು ತೀರ್ಮಾನಿಸುವ ಮುನ್ನ ಆ ಮಾತು ಖಚಿತವಾಗಿ ಏನನ್ನು ಹೇಳುತ್ತಿದೆ ಎಂಬುದನ್ನು ಗಮನಿಸಬೇಕು. ‘ಈ ಬೇರು ರಕ್ತವನ್ನು ಶುದ್ಧಿ ಮಾಡುತ್ತದೆ’ ಎಂಬ ವಾಕ್ಯವನ್ನು ಪರೀಕ್ಷೆಗೆ ಒಡ್ಡುವುದು ಕಷ್ಟ, ಏಕೆಂದರೆ ಶುದ್ಧಿ ಎಂದರೆ ಏನು, ಅದನ್ನು ಅಳೆಯುವುದು ಹೇಗೆ ಎಂಬುದು ಅದರಲ್ಲಿಲ್ಲ. ‘ಈ ಬೇರಿನ ಪುಡಿಯನ್ನು ಮೂರು ತಿಂಗಳು ಸೇವಿಸಿದವರ ರಕ್ತದ ಸಕ್ಕರೆ ಅಂಶ, ಸೇವಿಸದವರಿಗಿಂತ ಇಷ್ಟು ಕಡಿಮೆಯಾಯಿತು’ ಎಂದರೆ ಅದು ಪರೀಕ್ಷೆಗೆ ಸಿಗುವ ಮಾತು. ಹಿಡಿತಕ್ಕೆ ಸಿಗದ ಮಾತನ್ನು ಅಲ್ಲಿಗೇ ಬಿಡಬಹುದು. ಅದನ್ನು ನಿಜವೆಂದು ತೋರಿಸುವ ಹೊಣೆ ಹೇಳಿದವರ ಮೇಲಿದೆಯೇ ಹೊರತು ಸುಳ್ಳೆಂದು ಸಾಧಿಸುವ ಹೊಣೆ ಓದುಗರ ಮೇಲಿಲ್ಲ.

ಮಾತು ಸ್ಪಷ್ಟವಾದ ಮೇಲೆ, ಅದು ಹೇಳುವವರ ತನಕ ಬಂದ ದಾರಿಯನ್ನು ಹಿಂದಕ್ಕೆ ಹುಡುಕುತ್ತಾ ಹೋಗಬೇಕು. ಅವರೇ ಕಂಡರೇ, ಅಳೆದರೇ, ದಾಖಲೆಯನ್ನು ಓದಿದರೇ, ಅಥವಾ ಇನ್ನೊಬ್ಬರು ಹೇಳಿದ್ದನ್ನು ದಾಟಿಸುತ್ತಿದ್ದಾರೆಯೇ? ‘ಸಂಶೋಧನೆಯೊಂದು ಹೇಳುತ್ತದೆ’, ‘ವೈದ್ಯರ ಪ್ರಕಾರ’ ಎಂದು ಶುರುವಾಗಿ, ಯಾವ ಸಂಶೋಧನೆ, ಯಾವ ವೈದ್ಯರು ಎಂಬುದನ್ನು ಕೊನೆಯವರೆಗೂ ಹೇಳದ ಬರಹದಲ್ಲಿ ಈ ದಾರಿ ಮೊದಲ ಹೆಜ್ಜೆಯಲ್ಲೇ ಮುಚ್ಚಿಹೋಗಿರುತ್ತದೆ.

ಮೂಲ ಆಕರ ಎಂದರೇನು? ಅದು ಯಾವಾಗಲೂ ಹೆಚ್ಚು ನಂಬಲರ್ಹವೇ?

ಘಟನೆಗೆ ಅತ್ಯಂತ ಹತ್ತಿರದ ದಾಖಲೆಯನ್ನು ಮೂಲ ಆಕರ ಎನ್ನುತ್ತೇವೆ: ಭಾಷಣದ ಪೂರ್ಣ ಪಠ್ಯ, ನ್ಯಾಯಾಲಯದ ತೀರ್ಪು, ಪ್ರಯೋಗದ ಅಂಕಿಅಂಶ, ಆ ಕಾಲದಲ್ಲೇ ಬರೆದ ಪತ್ರ ಅಥವಾ ದಿನಚರಿ. ಅದನ್ನು ಓದಿ ವಿವರಿಸುವ ಲೇಖನಗಳೂ ಪುಸ್ತಕಗಳೂ ಎರಡನೆಯ ಹಂತದವು. ಯಾರೋ ಏನೋ ಹೇಳಿದರೆಂದು ಸುದ್ದಿಯಾದಾಗ ಪೂರ್ಣ ಪಠ್ಯವನ್ನು ತೆರೆದು ಆ ವಾಕ್ಯದ ಹಿಂದು ಮುಂದನ್ನು ಓದಿದರೆ ಅರ್ಧಕ್ಕರ್ಧ ಗೊಂದಲ ಅಲ್ಲಿಯೇ ಬಗೆಹರಿಯುತ್ತದೆ.

ಆದರೆ ಮೂಲ ಆಕರವೆಂದು ತೋರಿಸಿದ್ದು ಮೂಲವೇ ಎಂಬುದನ್ನೂ ನೋಡಬೇಕು. 1983ರ ಏಪ್ರಿಲ್‌ನಲ್ಲಿ ಜರ್ಮನಿಯ ಸ್ಟರ್ನ್ ವಾರಪತ್ರಿಕೆ ಹಿಟ್ಲರನ ದಿನಚರಿಗಳು ಸಿಕ್ಕಿವೆ ಎಂದು ಘೋಷಿಸಿತು. ಕೈಬರಹದ ತಜ್ಞರು ಅಕ್ಷರ ಹೊಂದುತ್ತದೆ ಎಂದಿದ್ದರು. ಆದರೆ ಹೋಲಿಕೆಗೆಂದು ಅವರಿಗೆ ಕೊಟ್ಟ ಮಾದರಿಗಳಲ್ಲಿಯೇ ಅದೇ ನಕಲುಗಾರ ಕಾನ್ರಾಡ್ ಕುಜೌ ಬರೆದ ಹಾಳೆಗಳು ಸೇರಿಕೊಂಡಿದ್ದವು! ನಕಲಿಗೆ ನಕಲಿಯೇ ಸಾಕ್ಷಿ ನಿಂತಿತ್ತು. ಎರಡೇ ವಾರಗಳಲ್ಲಿ ಜರ್ಮನಿಯ ರಾಷ್ಟ್ರೀಯ ಪತ್ರಾಗಾರದ ಪರೀಕ್ಷೆಯಿಂದ, ಆ ಕಾಗದದಲ್ಲಿ ಯುದ್ಧದ ನಂತರವಷ್ಟೇ ಬಳಕೆಗೆ ಬಂದ ಬಿಳುಪುಕಾರಕ ವಸ್ತುವಿದೆ ಎಂಬುದು ಹೊರಬಿತ್ತು. ಭಾಷೆಯೂ ಹೀಗೆಯೇ ಸತ್ಯವನ್ನು ಹೊರಗೆಡಹುತ್ತದೆ. ನಾಲ್ಕನೆಯ ಶತಮಾನದ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಪೋಪ್‌ಗೆ ಬರೆದುಕೊಟ್ಟದ್ದೆಂದು ಶತಮಾನಗಳ ಕಾಲ ನಂಬಲಾಗಿದ್ದ ದಾನಪತ್ರ ನಕಲಿ ಎಂದು 1440ರಲ್ಲಿ ಲೊರೆಂಜೊ ವಲ್ಲಾ ತೋರಿಸಿದ್ದು, ಆ ಕಾಲದ ರೋಮ್‌ನಲ್ಲಿ ಬಳಕೆಯಲ್ಲಿಲ್ಲದ ಪದಗಳು ಅದರಲ್ಲಿವೆ ಎಂಬ ಆಧಾರದ ಮೇಲೆ.

ಹತ್ತು ಕಡೆ ಅದೇ ಸುದ್ದಿ ಬಂದಿದೆ. ಇಷ್ಟು ಸಾಲದೇ?

ಆ ಹತ್ತೂ ಜನ ಪ್ರತ್ಯೇಕವಾಗಿ ವಿಚಾರಿಸಿ ಬರೆದಿದ್ದರೆ ಧಾರಾಳವಾಗಿ ಸಾಕು. ಒಬ್ಬರು ಬರೆದದ್ದನ್ನು ಉಳಿದ ಒಂಬತ್ತು ಮಂದಿ ಎತ್ತಿಕೊಂಡಿದ್ದರೆ ನಿಮ್ಮ ಕೈಯಲ್ಲಿರುವುದು ಒಂದೇ ಸಾಕ್ಷ್ಯ. ಎಣಿಸಬೇಕಾದದ್ದು ವರದಿಗಳನ್ನಲ್ಲ, ಒಂದಕ್ಕೊಂದು ಸಂಬಂಧವಿಲ್ಲದ ಮೂಲಗಳನ್ನು.

ಇದಕ್ಕೆ ತಮಾಷೆಯ ಉದಾಹರಣೆಯೊಂದಿದೆ. 2008ರಲ್ಲಿ ಅಮೆರಿಕದ ವಿದ್ಯಾರ್ಥಿಯೊಬ್ಬ ಕೊವಾಟಿ ಎಂಬ ಪ್ರಾಣಿಯ ಬಗೆಗಿನ ವಿಕಿಪೀಡಿಯ ಪುಟಕ್ಕೆ, ಇದನ್ನು ‘ಬ್ರೆಜಿಲಿನ ಆರ್ಡ್‌ವಾರ್ಕ್’ ಎಂದೂ ಕರೆಯುತ್ತಾರೆ ಎಂದು ಸುಮ್ಮನೆ ಸೇರಿಸಿದ. ಅಂಥ ಹೆಸರೇ ಇರಲಿಲ್ಲ. ಕೆಲವು ವರ್ಷಗಳಲ್ಲಿ ಬ್ರಿಟನ್ನಿನ ಪತ್ರಿಕೆಗಳು ಆ ಹೆಸರನ್ನು ಬಳಸಿದವು, ವಿಶ್ವವಿದ್ಯಾಲಯವೊಂದರ ಪ್ರಕಾಶನದ ಪುಸ್ತಕದಲ್ಲೂ ಅದು ಅಚ್ಚಾಯಿತು, ಬಳಿಕ ಅದೇ ಪತ್ರಿಕಾ ವರದಿಯನ್ನು ವಿಕಿಪೀಡಿಯ ಪುಟದಲ್ಲಿ ಆಧಾರವೆಂದು ಕೊಡಲಾಯಿತು. ಸುತ್ತು ಪೂರ್ಣವಾಯಿತು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಪತ್ರಿಕಾ ಕಚೇರಿಗಳಲ್ಲೂ ಇರುತ್ತಾರೆ.

ಪತ್ತೆಹಚ್ಚುವ ಸುಲಭದ ಉಪಾಯವೆಂದರೆ ವಾಕ್ಯಗಳನ್ನು ಹೋಲಿಸುವುದು. ಬೇರೆ ಬೇರೆ ತಾಣಗಳಲ್ಲಿ ಅದೇ ಪದಪುಂಜ, ಅದೇ ಅಂಕಿ, ಅದೇ ಕಾಗುಣಿತದ ತಪ್ಪು ಕಂಡರೆ ಅವೆಲ್ಲ ಒಂದೇ ಕಡೆಯಿಂದ ಬಂದಿವೆ. ಅವುಗಳಲ್ಲಿ ದಿನಾಂಕದ ಪ್ರಕಾರ ಅತ್ಯಂತ ಹಳೆಯದನ್ನು ಹುಡುಕಿ.

ಜಾಲತಾಣ ಅಚ್ಚುಕಟ್ಟಾಗಿದೆ, ಸಂಸ್ಥೆಯ ಹೆಸರೂ ಗಂಭೀರವಾಗಿದೆ. ಅದನ್ನು ನಂಬಬಹುದೇ?

ಅಚ್ಚುಕಟ್ಟುತನ ಸಾಕ್ಷ್ಯವಲ್ಲ. ಒಳ್ಳೆಯ ವಿನ್ಯಾಸ, ಲಾಂಛನ, ‘ನಮ್ಮ ಬಗ್ಗೆ’ ಎಂಬ ಪುಟದ ಘನವಾದ ಮಾತುಗಳು ಎಲ್ಲವನ್ನೂ ದುಡ್ಡು ಕೊಟ್ಟು ಮಾಡಿಸಬಹುದು. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮ್ಯಾಕ್‌ಗ್ರೂ 45 ಜನರಿಗೆ, ಅಂದರೆ 10 ಇತಿಹಾಸಕಾರರು, 10 ವೃತ್ತಿಪರ ಸತ್ಯಶೋಧಕರು ಮತ್ತು 25 ವಿದ್ಯಾರ್ಥಿಗಳಿಗೆ, ಕೆಲವು ತಾಣಗಳನ್ನು ತೋರಿಸಿ ಅವು ನಂಬಲರ್ಹವೇ ಎಂದು ಕೇಳಿದರು. ಬಹುಪಾಲು ವಿದ್ಯಾರ್ಥಿಗಳು, ಹಲವು ಇತಿಹಾಸಕಾರರು ಕೂಡ, ಅದೇ ಪುಟವನ್ನು ಮೇಲಿಂದ ಕೆಳಗೆ ಎಚ್ಚರಿಕೆಯಿಂದ ಓದುತ್ತಾ ಕುಳಿತರು. ಸತ್ಯಶೋಧಕರು ಮಾತ್ರ ಕೆಲವೇ ಕ್ಷಣಗಳಲ್ಲಿ ಆ ಪುಟವನ್ನು ಬಿಟ್ಟು ಹೊಸ ಟ್ಯಾಬ್‌ಗಳನ್ನು ತೆರೆದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ, ಹಣ ಎಲ್ಲಿಂದ ಬರುತ್ತದೆ ಎಂದು ಹುಡುಕಿದರು. ಕಡಿಮೆ ಓದಿ, ಬೇಗ ಸರಿಯಾದ ತೀರ್ಮಾನಕ್ಕೆ ಬಂದವರು ಅವರೇ.

ನನ್ನ ಅಭಿಪ್ರಾಯದಲ್ಲಿ ಈ ಪುಟದಲ್ಲಿರುವ ಎಲ್ಲ ಸಲಹೆಗಳಲ್ಲಿ ಅತ್ಯಂತ ಕಡಿಮೆ ಶ್ರಮಕ್ಕೆ ಅತ್ಯಂತ ಹೆಚ್ಚು ಫಲ ಕೊಡುವುದು ಇದು: ತಾಣದ ಬಗ್ಗೆ ತಾಣವನ್ನೇ ಕೇಳಬೇಡಿ.

ದೊಡ್ಡ ತಜ್ಞರೇ ಹೇಳಿದ್ದಾರೆ. ಅದಕ್ಕಿಂತ ಪುರಾವೆ ಬೇಕೇ?

ತಜ್ಞರ ಮಾತನ್ನು ಒಪ್ಪುವುದು ಮೂಢನಂಬಿಕೆಯಲ್ಲ. ನಾವು ತಿಳಿದಿರುವುದರಲ್ಲಿ ಬಹುಪಾಲು ಹೀಗೆ ತಿಳಿದದ್ದೇ. ಭಾರತೀಯ ತತ್ತ್ವಶಾಸ್ತ್ರದ ನ್ಯಾಯದರ್ಶನ ಆಪ್ತರ, ಅಂದರೆ ನಂಬಲರ್ಹರ, ಮಾತನ್ನು ತಿಳಿವಿನ ಒಂದು ಪ್ರಮಾಣವೆಂದೇ ಒಪ್ಪುತ್ತದೆ. ಆದರೆ ಆಪ್ತ ಯಾರು ಎಂಬುದಕ್ಕೆ ಭಾಷ್ಯಕಾರ ವಾತ್ಸ್ಯಾಯನ ಕೊಡುವ ಲಕ್ಷಣ ಬಿಗಿಯಾಗಿದೆ: ವಿಷಯವನ್ನು ನೇರವಾಗಿ ಅರಿತಿರಬೇಕು, ಅರಿತಂತೆಯೇ ತಿಳಿಸುವ ಇಚ್ಛೆ ಇರಬೇಕು. ಋಷಿಯಾಗಲಿ, ಆರ್ಯನಾಗಲಿ, ಮ್ಲೇಚ್ಛನಾಗಲಿ ಈ ಲಕ್ಷಣ ಸಮಾನ ಎಂದೂ ಅವನು ಸೇರಿಸುತ್ತಾನೆ. ಪದವಿ, ಪ್ರಸಿದ್ಧಿ, ಕುಲ ಯಾವುದೂ ಅದರಲ್ಲಿ ಬರುವುದಿಲ್ಲ.

ಈ ಅಳತೆಯನ್ನು ಇಂದಿಗೆ ಹಚ್ಚಿದರೆ ಎರಡು ಪ್ರಶ್ನೆಗಳು ಸಿಗುತ್ತವೆ. ಇವರ ಪರಿಣತಿ ಈ ವಿಷಯದಲ್ಲೇ ಇದೆಯೇ? ಇದ್ದದ್ದನ್ನು ಇದ್ದಂತೆ ಹೇಳದಿರಲು ಇವರಿಗೆ ಕಾರಣವೇನಾದರೂ ಇದೆಯೇ? ಲೈನಸ್ ಪೌಲಿಂಗ್ 1954ರಲ್ಲಿ ರಸಾಯನಶಾಸ್ತ್ರಕ್ಕೂ 1962ನೇ ಸಾಲಿನಲ್ಲಿ ಶಾಂತಿಗೂ ನೊಬೆಲ್ ಪಡೆದವರು. 1970ರಿಂದ ಅವರು, ವಿಟಮಿನ್ ಸಿಯನ್ನು ಭಾರಿ ಪ್ರಮಾಣದಲ್ಲಿ ಸೇವಿಸಿದರೆ ನೆಗಡಿಯನ್ನು ತಡೆಯಬಹುದು ಎಂದು ಪ್ರಚಾರ ಮಾಡಿದರು. ಮುಂದೆ ನಡೆದ ಪ್ರಯೋಗಗಳಲ್ಲಿ, ನೆಗಡಿಯ ಅವಧಿ ತುಸು ತಗ್ಗಿದ್ದು ಕಂಡುಬಂತೇ ಹೊರತು, ಸಾಮಾನ್ಯ ಜನರಲ್ಲಿ ನೆಗಡಿ ಬರುವುದು ತಪ್ಪಲಿಲ್ಲ. ರಾಸಾಯನಿಕ ಬಂಧಗಳ ಬಗ್ಗೆ ಅವರ ಮಾತಿಗೆ ಇದ್ದ ತೂಕ ಇಲ್ಲಿ ತಾನಾಗಿ ವರ್ಗಾವಣೆಯಾಗುವುದಿಲ್ಲ. ಒಬ್ಬ ತಜ್ಞರ ಮಾತಿಗಿಂತ ಆ ಕ್ಷೇತ್ರದ ತಜ್ಞರಲ್ಲಿ ಬಹುಮಂದಿಯ ಒಮ್ಮತ ಹೆಚ್ಚು ಭದ್ರವಾದದ್ದು.

ಸಂಶೋಧನಾ ನಿಯತಕಾಲಿಕದಲ್ಲಿ ಪ್ರಕಟವಾದದ್ದೆಲ್ಲ ಸಾಬೀತಾದ ಸತ್ಯವೇ?

ಅಲ್ಲ. ಪ್ರಕಟಣೆಗೆ ಮುನ್ನ ಅದೇ ಕ್ಷೇತ್ರದ ಇಬ್ಬರು ಮೂವರು ವಿದ್ವಾಂಸರು ಪ್ರಬಂಧವನ್ನು ಓದಿ ದೋಷಗಳನ್ನು ಹೇಳುವ ಪದ್ಧತಿ ಒಳ್ಳೆಯದೇ, ಆದರೆ ಅವರು ಪ್ರಯೋಗವನ್ನು ತಾವೇ ಮತ್ತೊಮ್ಮೆ ಮಾಡಿ ನೋಡುವುದಿಲ್ಲ, ಅಂಕಿಅಂಶಗಳನ್ನೇ ಸೃಷ್ಟಿಸಿ ಕೊಟ್ಟಿದ್ದರೆ ಅದನ್ನು ಕಂಡುಹಿಡಿಯುವುದು ಅವರಿಗೆ ಬಹಳ ಕಷ್ಟ. ಇನ್ನು, ಹಣ ತೆಗೆದುಕೊಂಡು ಏನನ್ನಾದರೂ ಅಚ್ಚು ಹಾಕುವ ನಿಯತಕಾಲಿಕಗಳಿಗೂ ಕೊರತೆಯಿಲ್ಲ. ಜಾನ್ ಬೊಹಾನನ್ ಎಂಬ ಪತ್ರಕರ್ತ, ಎದ್ದು ಕಾಣುವ ತಪ್ಪುಗಳನ್ನು ಬೇಕೆಂದೇ ತುಂಬಿದ ಕಟ್ಟು ಪ್ರಬಂಧವೊಂದನ್ನು 304 ನಿಯತಕಾಲಿಕಗಳಿಗೆ ಕಳುಹಿಸಿದಾಗ 157 ಅದನ್ನು ಸ್ವೀಕರಿಸಿದವು. ಈ ವಿವರ 2013ರಲ್ಲಿ ಪ್ರಕಟವಾಯಿತು.

ಹೆಸರಾಂತ ನಿಯತಕಾಲಿಕಗಳೂ ಎಡವುತ್ತವೆ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಇರಬಹುದೆಂಬ ಶಂಕೆಯನ್ನು ಹುಟ್ಟಿಸಿದ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತಿತರರ ಪ್ರಬಂಧ 1998ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಅದರ ಆಧಾರ 12 ಮಕ್ಕಳು. ಲಸಿಕೆ ತಯಾರಕರ ಮೇಲೆ ದಾವೆ ಹೂಡಲು ಹೊರಟಿದ್ದ ವಕೀಲರಿಂದ ವೇಕ್‌ಫೀಲ್ಡ್‌ಗೆ ಹಣ ಸಂದಿದ್ದುದು ಆಮೇಲೆ ಬಯಲಾಯಿತು. ಪ್ರಬಂಧವನ್ನು ಪೂರ್ತಿಯಾಗಿ ಹಿಂಪಡೆದದ್ದು 2010ರಲ್ಲಿ, ಅಂದರೆ 12 ವರ್ಷಗಳ ನಂತರ.

ವಂಚನೆ ಇಲ್ಲದಿದ್ದರೂ ಒಂದೇ ಅಧ್ಯಯನದ ಮೇಲೆ ಪೂರ್ತಿ ಭಾರ ಹಾಕಬಾರದು. ಮನೋವಿಜ್ಞಾನದ 100 ಅಧ್ಯಯನಗಳನ್ನು ಸಂಶೋಧಕರ ದೊಡ್ಡ ತಂಡವೊಂದು ಮತ್ತೆ ನಡೆಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿತು. ಮೂಲದಲ್ಲಿ ಶೇ 97ರಷ್ಟು ಅಧ್ಯಯನಗಳು ಸಂಖ್ಯಾಶಾಸ್ತ್ರದ ಪ್ರಕಾರ ಮಹತ್ವದ ಫಲಿತಾಂಶ ಕೊಟ್ಟಿದ್ದರೆ, ಮರುಪ್ರಯೋಗದಲ್ಲಿ ಹಾಗೆ ಕೊಟ್ಟವು ಶೇ 36 ಮಾತ್ರ.

ಸಣ್ಣ ಅಧ್ಯಯನವೂ ಅಧ್ಯಯನವೇ ಅಲ್ಲವೇ? ಅದರಲ್ಲಿ ಏನು ಕೆಡುತ್ತದೆ?

ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ ಎಂಬ ಸುದ್ದಿ 2015ರಲ್ಲಿ ಹಲವು ದೇಶಗಳ ಪತ್ರಿಕೆಗಳಲ್ಲಿ ಬಂದಿತ್ತು. ಮೇಲೆ ಹೇಳಿದ ಬೊಹಾನನ್ ಅವರೇ ಸಂಗಡಿಗರೊಂದಿಗೆ ಸೇರಿ, ಮಾಧ್ಯಮಗಳು ಎಷ್ಟು ಪರಿಶೀಲಿಸುತ್ತವೆ ಎಂದು ನೋಡಲು ಹೂಡಿದ ಆಟ ಅದು. ಸ್ವಾರಸ್ಯವೆಂದರೆ ಪ್ರಯೋಗ ನಿಜವಾಗಿಯೂ ನಡೆದಿತ್ತು, ಅಂಕಿಗಳೂ ನಿಜ. ಭಾಗವಹಿಸಿದ್ದು 15 ಜನ. ಅಳೆದದ್ದು ತೂಕ, ಕೊಲೆಸ್ಟ್ರಾಲ್, ನಿದ್ರೆಯ ಗುಣಮಟ್ಟ ಮುಂತಾದ 18 ಸಂಗತಿಗಳು.

ಲೆಕ್ಕ ಹೀಗಿದೆ. ವ್ಯತ್ಯಾಸವೇ ಇಲ್ಲದಿದ್ದಾಗಲೂ ಒಂದು ಅಳತೆಯಲ್ಲಿ ಆಕಸ್ಮಿಕವಾಗಿ ‘ಮಹತ್ವದ’ ವ್ಯತ್ಯಾಸ ಕಾಣುವ ಸಾಧ್ಯತೆಯನ್ನು ಸಾಮಾನ್ಯವಾಗಿ ಶೇ 5ಕ್ಕೆ ಮಿತಿಗೊಳಿಸುತ್ತಾರೆ. ಕಾಣದಿರುವ ಸಾಧ್ಯತೆ ಶೇ 95. ಹದಿನೆಂಟು ಅಳತೆಗಳನ್ನು ಒಂದರಿಂದೊಂದು ಸ್ವತಂತ್ರವೆಂದು ಎಣಿಸಿ 0.95 ಅನ್ನು ಹದಿನೆಂಟು ಬಾರಿ ಗುಣಿಸಿದರೆ ಸುಮಾರು 0.40 ಉಳಿಯುತ್ತದೆ. ಅಂದರೆ ಏನಾದರೊಂದು ಸುಳ್ಳು ಫಲಿತಾಂಶ ಸಿಕ್ಕೇ ಸಿಗುವ ಸಾಧ್ಯತೆ ಸುಮಾರು ಶೇ 60. ಸಿಕ್ಕದ್ದು ತೂಕವಾದ್ದರಿಂದ ತಲೆಬರಹ ತೂಕದ್ದಾಯಿತು. ನಿದ್ರೆ ಸಿಕ್ಕಿದ್ದರೆ ಚಾಕೊಲೇಟ್ ನಿದ್ರೆ ತರಿಸುತ್ತದೆ ಎಂದು ಬರುತ್ತಿತ್ತು. ಆದ್ದರಿಂದ ಅಧ್ಯಯನದ ಸುದ್ದಿ ಓದಿದಾಗ ಎಷ್ಟು ಜನ, ಏನೇನು ಅಳೆದರು, ಯಾವುದನ್ನು ಅಳೆಯುತ್ತೇವೆಂದು ಮೊದಲೇ ಪ್ರಕಟಿಸಿದ್ದರೇ ಎಂಬುದನ್ನು ನೋಡಿ.

ಸಾಕ್ಷ್ಯಗಳಲ್ಲಿ ಮೇಲು ಕೀಳು ಉಂಟೇ?

ಉಂಟು. ಚಿಕಿತ್ಸೆಯೊಂದರ ಪರಿಣಾಮ ತಿಳಿಯಬೇಕಾದರೆ ‘ನನಗೆ ಗುಣವಾಯಿತು’ ಎಂಬ ಒಬ್ಬರ ಅನುಭವ ಅತ್ಯಂತ ದುರ್ಬಲ, ಏಕೆಂದರೆ ಅನೇಕ ಕಾಯಿಲೆಗಳು ಔಷಧವಿಲ್ಲದೆಯೂ ವಾಸಿಯಾಗುತ್ತವೆ. ದೊಡ್ಡ ಗುಂಪನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಅದಕ್ಕಿಂತ ಮೇಲು. ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪು ಮಾಡಿ ಒಂದಕ್ಕೆ ಮಾತ್ರ ಔಷಧ ಕೊಟ್ಟು ನೋಡುವ ಪ್ರಯೋಗ ಇನ್ನೂ ಮೇಲು. ಅಂಥ ಎಲ್ಲ ಪ್ರಯೋಗಗಳನ್ನೂ ಒಟ್ಟುಗೂಡಿಸಿ ತೂಗುವ ವ್ಯವಸ್ಥಿತ ವಿಮರ್ಶೆಗಳು ಮೇಲಿನ ಸಾಲಿನಲ್ಲಿರುತ್ತವೆ. 1993ರಲ್ಲಿ ಆರಂಭವಾದ ಕಾಕ್ರೇನ್ ಸಂಸ್ಥೆ ಮಾಡುತ್ತಿರುವುದು ಈ ಕೆಲಸವನ್ನೇ.

ಈ ಶ್ರೇಣಿಯನ್ನು ಕಣ್ಣುಮುಚ್ಚಿ ಬಳಸಬಾರದು. ಧೂಮಪಾನದಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂಬುದನ್ನು ತಿಳಿಯಲು ಯಾರೂ ಒಂದು ಗುಂಪಿಗೆ ದಶಕಗಳ ಕಾಲ ಸಿಗರೇಟು ಸೇದಿಸಿ ನೋಡಲಿಲ್ಲ. ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ 1950ರಲ್ಲಿ ಆಸ್ಪತ್ರೆಯ ರೋಗಿಗಳನ್ನು ಹೋಲಿಸಿದರು, 1951ರಿಂದ ಬ್ರಿಟನ್ನಿನ ಸುಮಾರು 40,000 ವೈದ್ಯರ ಜಾಡು ಹಿಡಿದರು. ಹೆಚ್ಚು ಸೇದಿದವರಲ್ಲಿ ಹೆಚ್ಚು ಸಾವು, ಬಿಟ್ಟವರಲ್ಲಿ ಅಪಾಯ ಇಳಿಕೆ, ಬೇರೆ ಬೇರೆ ದೇಶಗಳಲ್ಲೂ ಅದೇ ಫಲಿತಾಂಶ, ಹೊಗೆಯಲ್ಲಿ ಕ್ಯಾನ್ಸರ್‌ಕಾರಕ ವಸ್ತುಗಳ ಪತ್ತೆ ಹೀಗೆ ಹಲವು ದಿಕ್ಕಿನ ಸಾಕ್ಷ್ಯಗಳು ಒಂದೇ ಕಡೆ ಬೆರಳು ತೋರಿದಾಗ ಸಂಶಯಕ್ಕೆ ಎಡೆಯಿಲ್ಲವಾಯಿತು.

‘ಅಪಾಯ ಎರಡು ಪಟ್ಟು’ ಎಂಬ ಸುದ್ದಿಯನ್ನು ಹೇಗೆ ಓದಬೇಕು?

ಯಾವುದರ ಎರಡು ಪಟ್ಟು ಎಂದು ಕೇಳಿ ಓದಬೇಕು. 1995ರಲ್ಲಿ ಬ್ರಿಟನ್ನಿನಲ್ಲಿ, ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಎಂಬ ಎಚ್ಚರಿಕೆ ಹೊರಬಿತ್ತು. ವಾಸ್ತವದಲ್ಲಿ ಅಪಾಯ 7,000ದಲ್ಲಿ ಒಬ್ಬರಿಂದ 7,000ದಲ್ಲಿ ಇಬ್ಬರಿಗೆ ಏರಿತ್ತು. ಗಾಬರಿಯಿಂದ ಬಹಳ ಮಂದಿ ಮಾತ್ರೆ ಬಿಟ್ಟರು, ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಂದಾಜು 13,000 ಹೆಚ್ಚುವರಿ ಗರ್ಭಪಾತಗಳಾದವು. ಗರ್ಭಧಾರಣೆಯಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತಲೂ ಹೆಚ್ಚು ಎಂಬುದು ಯಾವ ತಲೆಬರಹದಲ್ಲೂ ಇರಲಿಲ್ಲ ಎನ್ನುವಷ್ಟು ಹಿಂದೆ ಸರಿದಿತ್ತು.

ಅಪಾಯದ ಖಚಿತತೆ ಬೇರೆ, ಅಪಾಯದ ಗಾತ್ರ ಬೇರೆ ಎಂಬುದನ್ನೂ ಇಲ್ಲಿಯೇ ಹೇಳಬೇಕು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಂಸ್ಕರಿಸಿದ ಮಾಂಸವನ್ನು ತಂಬಾಕು ಇರುವ ಗುಂಪಿನಲ್ಲೇ ಇರಿಸಿದಾಗ ಎರಡೂ ಸಮಾನ ಅಪಾಯಕಾರಿ ಎಂಬ ಸುದ್ದಿ ಹರಡಿತು. ಆ ಗುಂಪು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಮಾತ್ರ. ದಿನಕ್ಕೆ 50 ಗ್ರಾಂ ತಿಂದರೆ ಕರುಳಿನ ಕ್ಯಾನ್ಸರ್ ಅಪಾಯ ಶೇ 18 ಹೆಚ್ಚುತ್ತದೆ ಎಂಬುದು ಅಂದಾಜು. ಜೀವಮಾನದಲ್ಲಿ 100ಕ್ಕೆ 5 ಮಂದಿಗೆ ಬರುವ ಕಾಯಿಲೆಯೆಂದಿಟ್ಟುಕೊಂಡರೆ ಅದು ಸುಮಾರು 6 ಆಗುತ್ತದೆ.

ಸಮೀಕ್ಷೆಯಲ್ಲಿ ಲಕ್ಷಾಂತರ ಜನ ಭಾಗವಹಿಸಿದ್ದರೆ ಫಲಿತಾಂಶ ಸರಿಯಿರಬೇಕಲ್ಲವೇ?

ಸಂಖ್ಯೆಗಿಂತ ಆಯ್ಕೆಯ ವಿಧಾನ ಮುಖ್ಯ. ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ 1936ರ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಸುಮಾರು ಒಂದು ಕೋಟಿ ಮತಪತ್ರಗಳನ್ನು ಅಂಚೆಯಲ್ಲಿ ಕಳುಹಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. 48 ರಾಜ್ಯಗಳಲ್ಲಿ 46ನ್ನು ರೂಸ್‌ವೆಲ್ಟ್ ಗೆದ್ದರು. ವಿಳಾಸಗಳನ್ನು ಆರಿಸಿದ್ದು ಟೆಲಿಫೋನ್ ಮತ್ತು ಕಾರು ಮಾಲೀಕರ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ದಿನಗಳಲ್ಲಿ ಅವು ಉಳ್ಳವರ ಪಟ್ಟಿಗಳು. ಉತ್ತರ ಬರೆಯುವ ತೊಂದರೆ ತೆಗೆದುಕೊಂಡವರು ಅವರಲ್ಲೂ ಒಂದು ಭಾಗ. ಕೆಲವೇ ಸಾವಿರ ಜನರನ್ನು ಎಚ್ಚರಿಕೆಯಿಂದ ಆರಿಸಿದ ಸಮೀಕ್ಷೆ ಇಂಥದ್ದಕ್ಕಿಂತ ಎಷ್ಟೋ ಮೇಲು. ‘ನಮ್ಮ ಪುಟದಲ್ಲಿ ಮತ ಹಾಕಿ’ ಎಂಬ ಸಮೀಕ್ಷೆಗಳಿಗೆ ಯಾವ ಬೆಲೆಯೂ ಇಲ್ಲ.

ಕಣ್ಣಾರೆ ಕಂಡವರ ಮಾತನ್ನೂ ಸಂಶಯಿಸಬೇಕೇ?

ಅವರ ಪ್ರಾಮಾಣಿಕತೆಯನ್ನು ಸಂಶಯಿಸಬೇಕಿಲ್ಲ, ನೆನಪನ್ನು ಸಂಶಯಿಸಬಹುದು. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿ, ಕೆಲವರನ್ನು ಕಾರುಗಳು ‘ಅಪ್ಪಳಿಸಿದಾಗ’ ವೇಗ ಎಷ್ಟಿತ್ತೆಂದೂ ಇನ್ನು ಕೆಲವರನ್ನು ‘ತಾಗಿದಾಗ’ ಎಷ್ಟಿತ್ತೆಂದೂ ಕೇಳುವ ಅರ್ಥದ ಪದಗಳನ್ನು ಬಳಸಿದರು. ಪದ ಬಲವಾದಷ್ಟೂ ಜನ ಹೇಳಿದ ವೇಗ ಹೆಚ್ಚಾಯಿತು. ಇನ್ನೊಂದು ಸುತ್ತಿನಲ್ಲಿ ವಾರದ ಬಳಿಕ, ಒಡೆದ ಗಾಜು ಕಂಡಿರಾ ಎಂದು ಕೇಳಿದಾಗ ಬಲವಾದ ಪದ ಕೇಳಿದ್ದ 50 ಜನರಲ್ಲಿ 16 ಮಂದಿ ಹೌದೆಂದರು, ಮೆದು ಪದ ಕೇಳಿದ್ದ 50ರಲ್ಲಿ 7 ಮಂದಿ. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಸಾಕ್ಷಿಗಳಿಗೆ ಮಾತ್ರವಲ್ಲ, ಪ್ರಶ್ನೆ ಕೇಳುವವರಿಗೂ ಅನ್ವಯಿಸುತ್ತದೆ. ಘಟನೆಯಾದ ಕೂಡಲೇ, ಬೇರೆಯವರೊಂದಿಗೆ ಚರ್ಚಿಸುವ ಮೊದಲು, ಸೂಚನೆ ಕೊಡದ ಪ್ರಶ್ನೆಗಳಿಗೆ ಕೊಟ್ಟ ಹೇಳಿಕೆಗೆ ಹೆಚ್ಚು ಬೆಲೆ ಕೊಡಿ.

ಫೋಟೊ ಅಥವಾ ವಿಡಿಯೊ ಇದ್ದ ಮೇಲೆ ಇನ್ನೇನು ಬೇಕು?

ಅದು ಯಾವಾಗಿನದು, ಎಲ್ಲಿಯದು, ಚೌಕಟ್ಟಿನ ಆಚೆ ಏನಿತ್ತು ಎಂಬುದು ಬೇಕು. ತಿದ್ದಿದ ಚಿತ್ರಗಳಿಗಿಂತ ತಪ್ಪು ವಿವರಣೆ ಅಂಟಿಸಿದ ಹಳೆಯ ನೈಜ ಚಿತ್ರಗಳೇ ಹೆಚ್ಚು ದಾರಿ ತಪ್ಪಿಸುತ್ತವೆ, ಏಕೆಂದರೆ ಅವುಗಳಲ್ಲಿ ಕೃತಕತೆಯ ಕುರುಹೇ ಸಿಗುವುದಿಲ್ಲ. ಚಿತ್ರವನ್ನೇ ಹುಡುಕಾಟಕ್ಕೆ ಹಾಕಿ ಅದು ಮೊದಲು ಎಲ್ಲಿ ಕಾಣಿಸಿತೆಂದು ನೋಡುವುದು ಮೊದಲ ಕೆಲಸ. ಅಂಗಡಿ ಫಲಕದ ಲಿಪಿ, ವಾಹನಗಳ ನೋಂದಣಿ ಫಲಕ, ಜನ ತೊಟ್ಟ ಬಟ್ಟೆ, ನೆರಳಿನ ದಿಕ್ಕು ಹೇಳಿದ ಜಾಗಕ್ಕೂ ಹೊತ್ತಿಗೂ ಹೊಂದುತ್ತವೆಯೇ ಎಂಬುದು ಎರಡನೆಯದು.

1917ರಲ್ಲಿ ಇಂಗ್ಲೆಂಡಿನ ಕಾಟಿಂಗ್ಲಿ ಎಂಬಲ್ಲಿ ಇಬ್ಬರು ಹುಡುಗಿಯರು ತೆಗೆದ ಫೋಟೊಗಳಲ್ಲಿ ರೆಕ್ಕೆಯುಳ್ಳ ಯಕ್ಷಿಣಿಯರಿದ್ದರು. ನೆಗೆಟಿವ್‌ಗಳನ್ನು ನೋಡಿದ ಪರಿಣತನೊಬ್ಬ ಅವನ್ನು ತಿದ್ದಿಲ್ಲ ಎಂದ. ಅವನು ಹೇಳಿದ್ದು ಸರಿಯೇ. ಹುಡುಗಿಯರು ಕಾಗದದ ಗೊಂಬೆಗಳನ್ನು ಕತ್ತರಿಸಿ ಪಿನ್ನಿನಿಂದ ನಿಲ್ಲಿಸಿದ್ದರು, ಕ್ಯಾಮೆರಾ ಎದುರಿದ್ದದ್ದನ್ನು ನಿಷ್ಠೆಯಿಂದ ಹಿಡಿದಿತ್ತು. ಷರ್ಲಾಕ್ ಹೋಮ್ಸ್ ಕಥೆಗಳ ಕರ್ತೃ ಆರ್ಥರ್ ಕಾನನ್ ಡಾಯ್ಲ್ ಅಂಥವರೂ ನಂಬಿದ್ದ ಈ ಫೋಟೊಗಳ ಗುಟ್ಟನ್ನು ಅವರು ಒಪ್ಪಿಕೊಂಡದ್ದು 1983ರಲ್ಲಿ. ತಿದ್ದಿಲ್ಲ ಎಂಬ ಪರೀಕ್ಷೆ, ಅದರಲ್ಲಿರುವುದು ನಿಜ ಎಂಬುದಕ್ಕೆ ಪುರಾವೆಯಾಗದು.

ನ್ಯಾಯವಾಗಿ ನೋಡಬೇಕಾದರೆ ಎರಡೂ ಕಡೆಗೆ ಸಮಾನ ಮನ್ನಣೆ ಕೊಡಬೇಡವೇ?

ಎರಡೂ ಕಡೆಯವರನ್ನು ಕೇಳಬೇಕು, ಸಾಕ್ಷ್ಯ ಇದ್ದಷ್ಟು ಮನ್ನಣೆ ಕೊಡಬೇಕು. ಸಮಾನ ಮನ್ನಣೆಯನ್ನು ಬಯಸುವುದು ಬಹುಪಾಲು ಸಾಕ್ಷ್ಯ ಕಡಿಮೆಯಿರುವ ಕಡೆಯೇ. ತಂಬಾಕಿನ ವಿರುದ್ಧ ಪುರಾವೆ ಗಟ್ಟಿಯಾಗುತ್ತಿದ್ದಾಗ ಅಮೆರಿಕದ ಕಂಪನಿಗಳು 1954ರಲ್ಲಿ 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಕಾರಣ ಇನ್ನೂ ಸಾಬೀತಾಗಿಲ್ಲ ಎಂದವು. ಸಂಶಯವೇ ನಮ್ಮ ಸರಕು ಎಂದು ಒಂದು ಕಂಪನಿಯ 1969ರ ಆಂತರಿಕ ಟಿಪ್ಪಣಿ ಬರೆದುಕೊಂಡಿತ್ತು. ಹಣ ಕೊಟ್ಟವರು ಯಾರು ಎಂಬುದರಿಂದಲೇ ಮಾತು ಸುಳ್ಳಾಗುವುದಿಲ್ಲ, ಆದರೆ ಅದು ನಾವು ಎಷ್ಟು ಬಿಗಿಯಾಗಿ ಪರಿಶೀಲಿಸಬೇಕು ಎಂಬುದನ್ನು ಹೇಳುತ್ತದೆ.

ವಿಕಿಪೀಡಿಯವನ್ನು ಬಳಸಬಹುದೇ?

ಬಳಸಬಹುದು, ಅಲ್ಲಿಯೇ ನಿಲ್ಲಬಾರದು. ನೇಚರ್ ವಿಜ್ಞಾನ ಪತ್ರಿಕೆ 2005ರಲ್ಲಿ ವಿಜ್ಞಾನದ 42 ಲೇಖನಗಳನ್ನು ಹೋಲಿಸಿದಾಗ ಪ್ರತಿ ಲೇಖನಕ್ಕೆ ವಿಕಿಪೀಡಿಯದಲ್ಲಿ ಸುಮಾರು 4, ಬ್ರಿಟಾನಿಕಾ ವಿಶ್ವಕೋಶದಲ್ಲಿ ಸುಮಾರು 3 ತಪ್ಪುಗಳು ಕಂಡವು. ಪುಟದ ಅಡಿಟಿಪ್ಪಣಿಗಳನ್ನು ತೆರೆದು ನೋಡಿ. ಅಡಿಟಿಪ್ಪಣಿ ಇಲ್ಲದ ವಾಕ್ಯಕ್ಕೆ ಬೆಲೆ ಕಡಿಮೆ.

ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್ ಕೊಟ್ಟ ಉತ್ತರ?

ಅದು ಓದಲು ಸರಾಗವಾಗಿರುತ್ತದೆ, ತಪ್ಪಿದ್ದಾಗಲೂ ಅಷ್ಟೇ ಸರಾಗವಾಗಿರುತ್ತದೆ. ಇಲ್ಲದ ಪುಸ್ತಕ, ಇಲ್ಲದ ತೀರ್ಪುಗಳನ್ನು ಹೆಸರು, ವರ್ಷ, ಪುಟಸಂಖ್ಯೆ ಸಮೇತ ಕೊಡುವುದು ಅದಕ್ಕೆ ಕಷ್ಟವಲ್ಲ. 2023ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯವೊಂದು, ಚಾಟ್‌ಬಾಟ್ ಹುಟ್ಟಿಸಿದ ಪ್ರಕರಣಗಳನ್ನು ಪೂರ್ವನಿದರ್ಶನವೆಂದು ಸಲ್ಲಿಸಿದ ವಕೀಲರಿಗೆ 5,000 ಡಾಲರ್ ದಂಡ ವಿಧಿಸಿತು. ಈ ಪ್ರಕರಣಗಳು ನಿಜವೇ ಎಂದು ವಕೀಲರು ಅದೇ ಚಾಟ್‌ಬಾಟ್ ಅನ್ನು ಕೇಳಿದ್ದರು, ಅದು ನಿಜವೆಂದೇ ಹೇಳಿತ್ತು. ಹುಡುಕಾಟ ಎಲ್ಲಿಂದ ಶುರುಮಾಡಬಹುದು ಎಂಬುದಕ್ಕೆ ಅದನ್ನು ಕೇಳಿ. ಅದು ಕೊಟ್ಟ ಪ್ರತಿ ಆಧಾರವನ್ನೂ ಬೇರೆಡೆ ತೆರೆದು ಓದಿದ ಮೇಲಷ್ಟೇ ಬಳಸಿ.

ಸುಳ್ಳನ್ನು ಬಯಲು ಮಾಡುವವರ ಮಾತನ್ನಾದರೂ ಹಾಗೆಯೇ ಒಪ್ಪಬಹುದೇ?

ಅವರಿಗೂ ಅದೇ ಅಳತೆ. ಪಾಲಕ್ ಸೊಪ್ಪಿನಲ್ಲಿ ಕಬ್ಬಿಣಾಂಶ ವಿಪರೀತ ಎಂಬ ನಂಬಿಕೆ ಹುಟ್ಟಿದ್ದು, ಹತ್ತೊಂಬತ್ತನೆಯ ಶತಮಾನದಲ್ಲಿ ದಶಮಾಂಶ ಬಿಂದು ತಪ್ಪಾಗಿ ಬಿದ್ದು ಅಂಕಿ ಹತ್ತು ಪಟ್ಟಾದ್ದರಿಂದ ಎಂಬ ಕಥೆಯನ್ನು ಅನೇಕರು ಕೇಳಿರಬಹುದು. ಬ್ರಿಟಿಷ್ ಮೆಡಿಕಲ್ ಜರ್ನಲ್‌ನ 1981ರ ಲೇಖನವೊಂದರಿಂದ ಅದು ಪ್ರಸಿದ್ಧವಾಯಿತು, ವಿಮರ್ಶಾತ್ಮಕ ಚಿಂತನೆಯ ಪಾಠಗಳಲ್ಲೂ ಸೇರಿತು. 2010ರಲ್ಲಿ ಮೈಕ್ ಸಟನ್ ಎಂಬ ಅಪರಾಧಶಾಸ್ತ್ರಜ್ಞ ಅದರ ಮೂಲವನ್ನು ಹುಡುಕಿಹೋದಾಗ ದಶಮಾಂಶ ಬಿಂದುವಿನ ಕಥೆಗೇ ಆಧಾರ ಸಿಗಲಿಲ್ಲ. ತಪ್ಪನ್ನು ತಿದ್ದುವ ಕಥೆ ಎಂಬ ಕಾರಣಕ್ಕೆ ಯಾರೂ ಅದನ್ನು ಪರೀಕ್ಷಿಸಿರಲಿಲ್ಲ. ಒಳ್ಳೆಯ ಫ್ಯಾಕ್ಟ್ ಚೆಕ್ ವರದಿ ತೀರ್ಪಿನ ಜತೆಗೆ ತಾನು ನಡೆದ ದಾರಿಯನ್ನೂ ತೋರಿಸುತ್ತದೆ, ಓದುಗರು ಅದೇ ಲಿಂಕುಗಳನ್ನು ಹಿಡಿದು ತಾವೇ ನಡೆದು ನೋಡಬಹುದು.

ನನ್ನ ಒಲವು ನನ್ನನ್ನು ದಾರಿ ತಪ್ಪಿಸುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಮಾತು ನಿಮ್ಮ ಅಭಿಪ್ರಾಯಕ್ಕೆ ವಿರುದ್ಧವಾಗಿದ್ದಾಗ ಎಷ್ಟು ಪ್ರಶ್ನೆ ಕೇಳುತ್ತೀರೋ, ಪರವಾಗಿದ್ದಾಗಲೂ ಅಷ್ಟೇ ಕೇಳುತ್ತೀರಾ ಎಂದು ಗಮನಿಸಿ. ಇದೇ ಅಂಕಿಅಂಶ ಎದುರು ಪಕ್ಷವನ್ನು ಸಮರ್ಥಿಸುತ್ತಿದ್ದರೆ ಇದರಲ್ಲಿ ಯಾವ ಹುಳುಕು ಹುಡುಕುತ್ತಿದ್ದೆ ಎಂದು ಕೇಳಿಕೊಂಡರೆ ಹುಳುಕು ಬೇಗ ಸಿಗುತ್ತದೆ. ಪದೇ ಪದೇ ಕೇಳಿದ್ದು ನಿಜವೆನಿಸತೊಡಗುತ್ತದೆ ಎಂಬುದನ್ನು 1977ರಿಂದಲೂ ಪ್ರಯೋಗಗಳು ತೋರಿಸಿವೆ. ಆದ್ದರಿಂದ ‘ಇದು ನನಗೆ ಮೊದಲೇ ಗೊತ್ತು’ ಎಂಬ ಭಾವನೆಯೂ ಆಧಾರವಲ್ಲ.

ಪ್ರತಿಯೊಂದನ್ನೂ ಹೀಗೆ ಜಾಲಾಡುತ್ತಾ ಕುಳಿತರೆ ಬದುಕುವುದು ಯಾವಾಗ?

ಪ್ರತಿಯೊಂದನ್ನೂ ಜಾಲಾಡಬೇಕಿಲ್ಲ. ತಪ್ಪಾದರೆ ಏನು ನಷ್ಟ ಎಂಬುದರ ಮೇಲೆ ಶ್ರಮ ನಿರ್ಧಾರವಾಗಲಿ. ನಟರೊಬ್ಬರ ಹುಟ್ಟುಹಬ್ಬದ ದಿನಾಂಕಕ್ಕೆ ಒಂದು ಆಕರ ಸಾಕು. ಔಷಧ ನಿಲ್ಲಿಸುವುದು, ಉಳಿತಾಯವನ್ನು ಹೂಡುವುದು, ಒಬ್ಬರ ಮೇಲೆ ಆರೋಪ ಹೊರಿಸುವ ಸುದ್ದಿಯನ್ನು ಹತ್ತು ಜನರಿಗೆ ಕಳುಹಿಸುವುದು ಇವುಗಳಿಗೆ ಮೂಲದವರೆಗೂ ಹೋಗಲೇಬೇಕು. ಸಮಯವಿಲ್ಲದಿದ್ದರೆ ‘ಸದ್ಯಕ್ಕೆ ತಿಳಿಯದು’ ಎಂದು ಪಕ್ಕಕ್ಕಿಡುವುದೂ ಪೂರ್ಣ ಪ್ರಮಾಣದ ಉತ್ತರವೇ. ಎಲ್ಲರೂ ಸುಳ್ಳು ಹೇಳುತ್ತಾರೆ ಎಂದು ಕೈಚೆಲ್ಲುವವರು ಜಾಣರಂತೆ ಕಂಡರೂ ಅವರು ಪರಿಶೀಲನೆಯ ಕೆಲಸವನ್ನು ತಪ್ಪಿಸಿಕೊಂಡವರು.

ಹಿಂದೆ ಓದಿ ಒಪ್ಪಿದ ಸಂಶೋಧನೆ ಈಗಲೂ ಊರ್ಜಿತವಾಗಿದೆಯೇ ಎಂದು ತಿಳಿಯುವುದು ಹೇಗೆ?

ಪ್ರಬಂಧದ ಮೂಲ ಪುಟವನ್ನು ಪ್ರಕಾಶಕರ ತಾಣದಲ್ಲಿಯೇ ತೆರೆಯಿರಿ. ಹಿಂಪಡೆದಿದ್ದರೆ ಅಥವಾ ತಿದ್ದುಪಡಿ ಇದ್ದರೆ ಸಾಮಾನ್ಯವಾಗಿ ಮೇಲ್ಭಾಗದಲ್ಲೇ ಸೂಚನೆ ಇರುತ್ತದೆ. ಬೇರೆಡೆ ಇಳಿಸಿಟ್ಟ ಪ್ರತಿಗಳಲ್ಲಿ ಆ ಸೂಚನೆ ಇರುವುದಿಲ್ಲ. 2010ರಲ್ಲಿ ಆರಂಭವಾದ ರಿಟ್ರಾಕ್ಷನ್ ವಾಚ್ ಎಂಬ ತಾಣ ಹಿಂಪಡೆದ ಪ್ರಬಂಧಗಳ ದತ್ತಾಂಶಕೋಶವನ್ನು ಕಟ್ಟಿದೆ, 2023ರಿಂದ ಅದು ಸಂಶೋಧನಾ ಪ್ರಬಂಧಗಳ ವಿವರಗಳನ್ನು ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆಯ ಮೂಲಕ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಹಿಂಪಡೆಯಲು ಯಾವಾಗಲೂ ವೇಕ್‌ಫೀಲ್ಡ್ ಪ್ರಬಂಧದಂತೆ 12 ವರ್ಷ ಬೇಕಿಲ್ಲ: ಕೋವಿಡ್ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಡುವ ಬಗ್ಗೆ ಲ್ಯಾನ್ಸೆಟ್ 2020ರ ಮೇ 22ರಂದು ಪ್ರಕಟಿಸಿದ ಪ್ರಬಂಧವನ್ನು, ಅದರ ಅಂಕಿಅಂಶಗಳನ್ನು ಹೊರಗಿನವರು ಪರಿಶೀಲಿಸಲು ಅವುಗಳನ್ನು ಒದಗಿಸಿದ್ದ ಕಂಪನಿ ಬಿಡದ ಕಾರಣ, ಮೂವರು ಲೇಖಕರೇ ಜೂನ್ 4ರಂದು ಹಿಂಪಡೆದರು. ಆ ಹದಿಮೂರು ದಿನಗಳ ನಡುವೆ ವಿಶ್ವ ಆರೋಗ್ಯ ಸಂಸ್ಥೆ ಆ ಔಷಧದ ತನ್ನ ಪ್ರಯೋಗವನ್ನು ತಡೆಹಿಡಿದು, ಮತ್ತೆ ಆರಂಭಿಸಿಯೂ ಆಗಿತ್ತು.